ಹೊಳೆಯೋ ನಲ್ಲಿ ಆಮೇಲೆ, ಮೊದಲು ರೆಗ್ಯುಲೇಟರ್

ಫ್ರಿಜ್, ಸೋಡಾ ಮಷಿನ್, ಗ್ಯಾಸ್ ಲೈನ್: ಓದುಗರ ಪ್ರಶ್ನೆಗೆ ದಾವಣಗೆರೆಯ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನನ್ನ ಚಿಕ್ಕಪ್ಪನ ಮಗ ಅಮೆರಿಕದಿಂದ ವಾಪಸ್ ಬರುವಾಗ 19 ಲೀಟರಿನ ಹಳೇ ಸ್ಟೀಲ್ ಕೆಗ್ ತಂದಿದ್ದಾನೆ. ಅಲ್ಲಿ ಮನೆಯಲ್ಲೇ ಬಿಯರ್ ಮಾಡಿ, ಅದರಲ್ಲಿ ತುಂಬಿ, ನಲ್ಲಿಯಿಂದ ಹಿಡಿದು ಕುಡಿಯುತ್ತಿದ್ದನಂತೆ. ಇಲ್ಲೂ ಹಾಗೇ ಮಾಡೋಣ ಅಂತಾನೆ. ಆನ್‌ಲೈನಲ್ಲಿ ನೋಡಿದರೆ ನಲ್ಲಿ, ನಲ್ಲಿ ಕೂರಿಸೋ ಟವರ್, ಪೈಪು ಅಂತ ಪಟ್ಟಿ ಮುಗಿಯೋದೇ ಇಲ್ಲ. ಯಾವುದು ತಗೋಬೇಕು, ಯಾವುದು ಬಿಡಬೇಕು?
(ಹೆಸರು ಬೇಡ ಎಂದಿದ್ದಾರೆ, ವಿದ್ಯಾನಗರ, ದಾವಣಗೆರೆ)

ಉತ್ತರ: ಹೆಸರು ಬೇಡ ಅಂದಿದ್ದು ಒಳ್ಳೇದೇ ಆಯ್ತು ಸರ್. ಅಮೆರಿಕದಲ್ಲಿ 1978ರಲ್ಲಿ ಕಾನೂನು ಬದಲಾಯಿಸಿ, ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳೋಕೆ ಬಿಟ್ಟರು. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಮಹಡಿ ಮೇಲೆ ನಿಮ್ಮ ಮನೆಯವರಿಗೆ ಮಾತ್ರ ಅಂದರೂ ಅಷ್ಟೇ. ಆ ಮಾತು ಇಲ್ಲಿಗೇ ಬಿಡೋಣ.

ಆದರೆ ಕೆಗ್ ಮೂಲೆಗೆ ಹಾಕಬೇಡಿ. ಅದು ಹುಟ್ಟಿದ್ದೇ ಬಿಯರ್‌ಗಲ್ಲ. ಕಂಪನಿಯವರು ಕೂಲ್‌ಡ್ರಿಂಕ್ಸ್ ಸಿರಪ್ ಸಾಗಿಸೋಕೆ ಮಾಡಿಸಿದ ಡಬ್ಬ ಅದು, ಹೆಸರು ಕಾರ್ನೀಲಿಯಸ್ ಕೆಗ್. ಬಿಯರ್‌ನವರು ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಹಿಡಿದುಕೊಂಡರು. ಸೋಡಾ, ಶುಂಠಿ ಸೋಡಾ ಎಲ್ಲಕ್ಕೂ ಅದೇ ಕೆಗ್, ಅದೇ ಗ್ಯಾಸ್, ಅದೇ ನಲ್ಲಿ. ಬೇಸಿಗೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದ ಬಾಯಿಗೆ ಮನೆಯಲ್ಲೇ ನಲ್ಲಿ ತಿರುಗಿಸಿದರೆ ಸೋಡಾ ಬರಬೇಕು, ಅಲ್ವಾ? ಅದಕ್ಕೆ ಏನು ಬೇಕೋ ಹೇಳ್ತೀನಿ.

ಮೊದಲು ಕೆಗ್ ತಲೆ ನೋಡಿ. ಎರಡು ಮೂತಿ ಇರುತ್ತವೆ, ಒಂದು ಗ್ಯಾಸ್ ಒಳಗೆ ಹೋಗೋಕೆ, ಇನ್ನೊಂದು ಸೋಡಾ ಹೊರಗೆ ಬರೋಕೆ. ಮೂತಿಯ ಸುತ್ತ ಸಣ್ಣ ಪಿನ್ನುಗಳು ಹೊರಚಾಚಿದ್ದರೆ ಅದು ಪಿನ್ ಲಾಕ್, ನುಣುಪಾಗಿದ್ದರೆ ಬಾಲ್ ಲಾಕ್. ಇದನ್ನು ನೋಡದೆ ಕನೆಕ್ಟರ್ ತರಿಸಬೇಡಿ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಬಾಲ್ ಲಾಕ್ ಆದರೆ ಸಾಮಾನ್ಯವಾಗಿ ಬೂದು ಬಣ್ಣದ ಕನೆಕ್ಟರ್ ಗ್ಯಾಸಿಗೆ, ಕಪ್ಪು ಸೋಡಾಕ್ಕೆ. ತಪ್ಪು ಮೂತಿಗೆ ಒತ್ತಿ ಕೂರಿಸಿದರೆ ತೆಗೆಯೋಕೆ ಇಕ್ಕಳವೇ ಬೇಕಾದೀತು.

ಹೊಟ್ಟೆಯಲ್ಲಿ ನೆಗ್ಗು ಇದ್ದರೆ ಚಿಂತೆಯಿಲ್ಲ. ಮುಚ್ಚಳ ಕೂರುವ ಬಾಯಿಯ ಅಂಚಲ್ಲಿ ನೆಗ್ಗು ಇದ್ದರೆ ಮಾತ್ರ ಆ ಕೆಗ್ ಬೇಡ. ರಬ್ಬರ್ ರಿಂಗು ಒಟ್ಟು ಐದು: ಮುಚ್ಚಳಕ್ಕೆ ದೊಡ್ಡದೊಂದು, ಮೂತಿಗಳಿಗೆ ಎರಡು, ಒಳಗಿನ ಕೊಳವೆಗಳಿಗೆ ಎರಡು. ಐದನ್ನೂ ಬದಲಾಯಿಸಿ. ಹಳೇ ಸಿರಪ್ ವಾಸನೆ ಸ್ಟೀಲಿಗೆ ಹಿಡಿಯಲ್ಲ, ರಬ್ಬರ್‌ಗೆ ಹಿಡಿಯುತ್ತೆ. ಆಹಾರಕ್ಕೆ ಬಳಸುವ ಸಿಲಿಕಾನ್ ರಿಂಗೇ ಕೇಳಿ. ತೊಳೆಯೋಕೆ ಬಿಸಿನೀರು, ವಾಷಿಂಗ್ ಸೋಡಾ ಸಾಕು. ಬ್ಲೀಚಿಂಗ್ ಪೌಡರ್ ಹತ್ತಿರ ತರಬೇಡಿ, ಸ್ಟೀಲಲ್ಲಿ ಸೂಜಿಮೊನೆಯಂಥ ತೂತು ಬೀಳುತ್ತೆ. ಇನ್ನೊಂದು, ಮುಚ್ಚಳ ತೆಗೆಯೋ ಮೊದಲು ಅದರ ಮೇಲಿನ ವಾಲ್ವ್ ಎಳೆದು ಗ್ಯಾಸ್ ಪೂರ್ತಿ ಬಿಟ್ಟುಬಿಡಿ.

ಈಗ ದುಡ್ಡಿನ ವಿಷಯ. ಎಲ್ಲರೂ ದುಡ್ಡು ಸುರಿಯೋದು ನಲ್ಲಿಗೆ, ಟವರ್‌ಗೆ. ಕಣ್ಣಿಗೆ ಕಾಣೋದು ಅದೇ ನೋಡಿ. ನನ್ನ ಲೆಕ್ಕದಲ್ಲಿ ಕೆಗ್ ಹಳೇದಿರಲಿ, ನಲ್ಲಿ ಸಾಧಾರಣದ್ದಿರಲಿ, ರೆಗ್ಯುಲೇಟರ್ ಮಾತ್ರ ಹೊಸದೇ ಇರಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಒಳಗಿನ ಒತ್ತಡ 20 ಡಿಗ್ರಿಯಲ್ಲೇ ಸುಮಾರು 830 ಪಿಎಸ್ಐ (ಒಂದು ಚದರ ಇಂಚಿನ ಮೇಲೆ ಬೀಳೋ ಒತ್ತಡವನ್ನು ಪೌಂಡಲ್ಲಿ ಹೇಳೋ ಲೆಕ್ಕ). ನಿಮಗೆ ಬೇಕಾಗಿರೋದು 30. ಈ ಎರಡರ ಮಧ್ಯೆ ನಿಂತಿರೋದು ಆ ಒಂದು ಸಾಮಾನು.

ನಮ್ಮೂರಲ್ಲಿ ಇಲ್ಲೊಂದು ಎಡವಟ್ಟು ಇದೆ. ಪಿ.ಬಿ. ರೋಡಿನ ಕಡೆ ಹೋಗಿ ಸಿಒಟು ರೆಗ್ಯುಲೇಟರ್ ಕೊಡಿ ಅಂದರೆ ವೆಲ್ಡಿಂಗ್‌ನದ್ದು ಕೊಟ್ಟುಬಿಡಬಹುದು. ಅದರಲ್ಲಿ ಗಾಜಿನ ಕೊಳವೆಯೊಳಗೆ ಗುಂಡು ಮೇಲೆ ಕೆಳಗೆ ಆಡ್ತಿರುತ್ತೆ. ನಿಮಿಷಕ್ಕೆ ಎಷ್ಟು ಲೀಟರ್ ಗ್ಯಾಸ್ ಹರೀತಿದೆ ಅಂತ ಅದು ಹೇಳುತ್ತೆ, ಒತ್ತಡ ಎಷ್ಟು ಅಂತ ಹೇಳಲ್ಲ. ನಮಗೆ ಬೇಕಾಗಿರೋದು ಒತ್ತಡ. ಎರಡು ಗೇಜ್ ಇರಲಿ, ಹೊರಹೋಗುವ ಕಡೆಯದು 0ಯಿಂದ 60 ಪಿಎಸ್ಐವರೆಗೆ ತೋರಿಸಲಿ. 200ರ ತನಕ ಇರುವ ಗೇಜಿನಲ್ಲಿ 12ಕ್ಕೂ 16ಕ್ಕೂ ವ್ಯತ್ಯಾಸವೇ ಕಾಣಲ್ಲ. ಹೆಚ್ಚಾದ ಒತ್ತಡ ತಾನೇ ಬಿಡುವ ಸೇಫ್ಟಿ ವಾಲ್ವ್ ಇರಬೇಕು. ಸೋಡಾ ವಾಪಸ್ ಏರಿ ರೆಗ್ಯುಲೇಟರ್ ಹಾಳಾಗದ ಹಾಗೆ ಲೈನಲ್ಲಿ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಅಡುಗೆ ಗ್ಯಾಸಿನ ರೆಗ್ಯುಲೇಟರ್ ತಿದ್ದಿ ಕೂರಿಸ್ತೀನಿ ಅನ್ನೋರು ಸಿಗ್ತಾರೆ. ಅವರಿಗೆ ಟೀ ಕುಡಿಸಿ ಕಳಿಸಿ.

ಗ್ಯಾಸ್ ತುಂಬಿಸುವಾಗ ಫುಡ್ ಗ್ರೇಡ್ ಅಂತ ಬಾಯಿಬಿಟ್ಟು ಕೇಳಿ. ಸಿಲಿಂಡರ್ ಮೇಲೆ ಒತ್ತಿರುವ ಟೆಸ್ಟ್ ತಾರೀಖೂ ನೋಡಿ, 5 ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಟೆಸ್ಟ್ ಆಗಬೇಕು. ಬೆಂಕಿ ಆರಿಸೋ ಹಳೇ ಸಿಲಿಂಡರ್ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ. ಅದರೊಳಗೆ ತಳದವರೆಗೆ ಕೊಳವೆ ಇರುತ್ತೆ, ಗ್ಯಾಸ್ ಬದಲು ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತೆ. ಸಿಲಿಂಡರ್ ಮಲಗಿಸಿದರೂ ಅದೇ ಕಥೆ.

ನಲ್ಲಿ ಯಾವುದಾದರೂ ಆದೀತು ಅಂದೆ, ಆದರೆ ಹಿತ್ತಾಳೆಯದ್ದು ಬೇಡ. ಮೇಲೆ ಕ್ರೋಮ್ ಹೊಳಪಿದ್ದರೂ ಒಳಗೆ ಹಿತ್ತಾಳೆಯೇ ಇರುತ್ತೆ. ಸೋಡಾ ಹುಳಿ ಸ್ವಭಾವದ್ದು, ಹಿತ್ತಾಳೆಯಿಂದ ತಾಮ್ರ ಬಿಡಿಸಿಕೊಂಡು ಬರುತ್ತೆ. 304 ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಅಷ್ಟು ದುಡ್ಡು ಬೇಡ ಅಂದರೆ ಹೆಬ್ಬೆರಳಲ್ಲಿ ಒತ್ತುವ ಪ್ಲಾಸ್ಟಿಕ್ ನಲ್ಲಿ ಬರುತ್ತೆ, ಪೈಪ್ ಸಮೇತ ಫ್ರಿಜ್ ಒಳಗೇ ಇಟ್ಟುಕೊಳ್ಳಬಹುದು. ಒಂದು ವರ್ಷ ಅದರಲ್ಲೇ ನಡೆಸಿ ನೋಡಿ ಅಂತ ನಾನು ಹೇಳೋದು.

ಫ್ರಿಜ್‌ಗೆ ನಲ್ಲಿ ಹಾಕಲೇಬೇಕು ಅಂದರೆ ಬಾಗಿಲಲ್ಲಿ ತೂತು ಹೊಡೆಸಿ. ಪಕ್ಕದ ಗೋಡೆಗೆ ಡ್ರಿಲ್ ಇಡಬೇಡಿ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಕಂಡೆನ್ಸರ್ ಪೈಪ್ ಆ ತಗಡಿನ ಹಿಂದೆಯೇ ಓಡಾಡಿರುತ್ತೆ. ಬಿಸಿಯಾಗೋ ಗೋಡೆ ಅಂದರೆ ಅದೇ. ಡ್ರಿಲ್ ತಾಗಿದರೆ ಗ್ಯಾಸ್ ಪುಸ್ ಅಂತ ಹೋಯ್ತು, ಫ್ರಿಜ್ ಗುಜರಿಗೆ ಹೋಯ್ತು. ಕೆಗ್ಗಿನ ಎತ್ತರ ಸುಮಾರು 64 ಸೆಂಟಿಮೀಟರ್, ಅಗಲ 22. ಕೆಳಗೆ ಹಿಂದುಗಡೆ ಕಂಪ್ರೆಸರ್ ಉಬ್ಬು ಇರುತ್ತಲ್ಲ, ಅದನ್ನು ಬಿಟ್ಟು ಅಳತೆ ತಗೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಆಗಲೇ ಇಂಥ ಕೆಗ್ ಇದೆ. ನಿಂಬೆ ಸೋಡಾ ಮಾಡ್ತೀವಿ. ನಲ್ಲಿ ತಿರುಗಿಸಿದರೆ ಲೋಟದ ತುಂಬ ನೊರೆ, ಕುಡಿಯೋಕೆ ನೋಡಿದರೆ ಗ್ಯಾಸೇ ಇಲ್ಲ. ಒತ್ತಡ ಕಡಿಮೆ ಮಾಡಿದರೆ ಇನ್ನೂ ಸಪ್ಪೆ.
(ಗೃಹಿಣಿ, ಚಿತ್ರದುರ್ಗ)

ಉತ್ತರ: ಪೈಪ್ ಎಷ್ಟುದ್ದ ಇದೆ ಅಂತ ನೀವು ಬರೆದಿಲ್ಲ ಅಕ್ಕಾ. ಗಿಡ್ಡ ಇದೆ ಅಂತ ಇಲ್ಲಿಂದಲೇ ಹೇಳಬಲ್ಲೆ. ಹೊಸಬರು ಪೈಪ್ ಕಮ್ಮಿ ಇದ್ದಷ್ಟೂ ನೀಟು ಅಂದುಕೊಂಡು ಕತ್ತರಿಸಿಬಿಡ್ತಾರೆ. 30 ಪಿಎಸ್ಐಯಲ್ಲಿರುವ ಸೋಡಾ ಒಂದೇ ಏಟಿಗೆ ಲೋಟಕ್ಕೆ ಬಿದ್ದರೆ ಒಳಗಿನ ಗ್ಯಾಸೆಲ್ಲ ನೊರೆಯಾಗಿ ಹಾರಿಹೋಗುತ್ತೆ. ದಾರಿಯಲ್ಲೇ ಒತ್ತಡ ಇಳಿಬೇಕು, ಅದನ್ನು ಇಳಿಸೋದು ಪೈಪಿನ ಒಳಗಿನ ಉಜ್ಜಾಟ. ಒಳಅಳತೆ 3/16 ಇಂಚಿನ ಪೈಪ್ ಅಡಿಗೆ 2ರಿಂದ 3 ಪಿಎಸ್ಐ ಇಳಿಸುತ್ತೆ. ಕಾಲಿಂಚಿನದ್ದು ಒಂದು ಪಿಎಸ್ಐ ಕೂಡ ಇಳಿಸಲ್ಲ. ಬಿಯರ್‌ಗೆ 12 ಪಿಎಸ್ಐ ಸಾಕು, ಅದಕ್ಕೇ ಅಲ್ಲಿಯವರು ಎಂಟು ಹತ್ತು ಅಡಿ ಬಿಡ್ತಾರೆ. ಸೋಡಾಕ್ಕೆ ಇಪ್ಪತ್ತು ಅಡಿಗೆ ಕಮ್ಮಿ ಬೇಡ. ಸುರುಳಿ ಸುತ್ತಿ ಕೆಗ್ ತಲೆ ಮೇಲೆ, ಫ್ರಿಜ್ ಒಳಗೇ ಇಡಿ. ಹೊರಗೆ ಬಿಟ್ಟರೆ ಪೈಪಲ್ಲಿ ನಿಂತ ಸೋಡಾ ಬೆಚ್ಚಗಾಗಿ ಮೊದಲ ಲೋಟ ನೊರೆಯೇ ಬರುತ್ತೆ. ನಲ್ಲಿ ತೆರೆಯುವಾಗ ಪೂರ್ತಿ ತೆರೆಯಿರಿ. ಅರ್ಧ ತೆರೆದರೆ ನೊರೆ ಇನ್ನೂ ಜಾಸ್ತಿ.

ಒತ್ತಡ ಇಳಿಸಬೇಡಿ, ನೀರು ತಣ್ಣಗೆ ಮಾಡಿ. ಫ್ರಿಜ್ಜಿನ 4 ಡಿಗ್ರಿಯಲ್ಲಿ 30 ಪಿಎಸ್ಐಗೆ ಒಳ್ಳೇ ಸೋಡಾ ಬರುತ್ತೆ. ಅದೇ ಒತ್ತಡದಲ್ಲಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟರೆ ಗ್ಯಾಸ್ ಅದರ ಅರ್ಧದಷ್ಟೇ ಹಿಡಿದೀತು.

ಇನ್ನು ನಿಂಬೆ. ರಸ, ಉಪ್ಪು, ಸಕ್ಕರೆ ಎಲ್ಲ ಕೆಗ್ ಒಳಗೇ ಹಾಕ್ತಿದ್ದೀರಿ ಅನ್ಸುತ್ತೆ. ಬೇಡ. ನಿಂಬೆಯ ಎಳೆ ಮೂತಿಯ ಸ್ಪ್ರಿಂಗಿಗೆ ಸಿಕ್ಕಿಕೊಂಡರೆ ಅಲ್ಲೂ ನೊರೆ ಏಳುತ್ತೆ. ಹುಳಿ ಜೊತೆ ಉಪ್ಪು ಸೇರಿದರೆ ಸ್ಟೀಲಿಗೂ ಕೇಡು. ಕೆಗ್ಗಲ್ಲಿ ಬರೀ ಸೋಡಾ ಇರಲಿ. ನಿಂಬೆ, ಉಪ್ಪು ಲೋಟದಲ್ಲಿ, ನಮ್ಮ ಗೋಲಿ ಸೋಡಾ ಅಂಗಡಿಯವರು ಮಾಡೋ ಹಾಗೆ. ನಿಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ, ಗ್ಯಾಸ್ ಹಾಕಿದರೆ ಅದೇನೂ ಹೋಗಲ್ಲ. ಆರ್‌ಒ ನೀರೇ ತುಂಬಿ.

ಪ್ರಶ್ನೆ: ಸಿಲಿಂಡರ್ ಗೇಜ್ ಎರಡು ತಿಂಗಳು ಒಂದೇ ಕಡೆ ನಿಂತಿತ್ತು. ನಿನ್ನೆ ಇದ್ದಕ್ಕಿದ್ದಂತೆ ಸೊನ್ನೆ. ಗೇಜ್ ಹೋಗಿದೆಯಾ, ಕಡಿಮೆ ತುಂಬಿ ಮೋಸ ಮಾಡಿದ್ದಾರಾ?
(ಹರಿಹರ ರಸ್ತೆಯ ಓದುಗರು)

ಉತ್ತರ: ಎರಡೂ ಅಲ್ಲ ಇರಬಹುದು. ಒಳಗೆ ದ್ರವ ಒಂದು ಹನಿ ಇರೋವರೆಗೂ ಮುಳ್ಳು ಅಲ್ಲಾಡಲ್ಲ. ದ್ರವ ಮುಗಿದ ಮೇಲೆ ಸರ್ರನೆ ಬೀಳುತ್ತೆ. ಆ ಗೇಜ್ ತೋರಿಸೋದು ಸಿಲಿಂಡರ್ ಎಷ್ಟು ಬಿಸಿ ಇದೆ ಅನ್ನೋದನ್ನೇ. ಏಪ್ರಿಲ್ ಮಧ್ಯಾಹ್ನ ಮುಳ್ಳು ಏರಿದರೆ ಗ್ಯಾಸ್ ಜಾಸ್ತಿ ಆಯ್ತು ಅಂತಲ್ಲ. ಬಿಸಿಲಿಗಂತೂ ಇಡಲೇಬೇಡಿ. ಗ್ಯಾಸ್ ಎಷ್ಟಿದೆ ಅಂತ ತಿಳಿಯೋಕೆ ತೂಕ ಹಾಕಿ. ಖಾಲಿ ತೂಕ ಸಿಲಿಂಡರಿನ ಭುಜದ ಮೇಲೇ ಒತ್ತಿರುತ್ತಾರೆ, ಅದನ್ನು ಕಳೆದರೆ ಆಯ್ತು. ತುಂಬಿಸಿಕೊಂಡು ಬರುವಾಗಲೂ ಅಂಗಡಿಯ ತಕ್ಕಡಿ ಮೇಲೇ ಇಡಿಸಿ ನೋಡಿ. 19 ಲೀಟರ್ ಸೋಡಾಕ್ಕೆ ಕಾಲು ಕೆಜಿ ಆಸುಪಾಸು ಹೋಗುತ್ತೆ. ಅದಕ್ಕಿಂತ ಬೇಗ ಖಾಲಿಯಾಗ್ತಿದ್ದರೆ ಎಲ್ಲೋ ಸೋರ್ತಿದೆ. ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತೆ ನೋಡಿ. ಸಿಲಿಂಡರ್ ಕಿಟಕಿ ಇಲ್ಲದ ಕೋಣೆಯಲ್ಲಿದ್ದರೆ ಇವತ್ತೇ ಹೊರಗೆ, ನೆರಳಿಗೆ ತಂದು ನಿಲ್ಲಿಸಿ. ಈ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತೆ. ನೆಲದ ಮೇಲೆ ಹಾಸಿಕೊಂಡು ಮಲಗೋ ಕೋಣೆಯಲ್ಲಂತೂ ಇಡಲೇಕೂಡದು.