ಮರು: ಬರೀ ಯೂಟ್ಯೂಬ್ ನೋಡಿ ಐಇಎಲ್‌ಟಿಎಸ್ ಬರೆಯಬಹುದಾ?

ಕೋಚಿಂಗ್ ಸೇರದೆ ವಿಡಿಯೋ ನೋಡಿಯೇ, ವಿದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಬರೆಯಬಹುದಾ, ದಿನಾ ನೋಡಿದರೂ ಲಿಸನಿಂಗ್ ಅಂಕ ಯಾಕೆ ಏರುತ್ತಿಲ್ಲ ಅಂತ ಕೇಳಿದ್ದೀರಿ. ಖಂಡಿತ ಬರೆಯಬಹುದು. ಆದರೆ ಸಬ್‌ಟೈಟಲ್ ಹಾಕಿಕೊಂಡು, ಅರ್ಥವಾಗದ ಕಡೆ ಹಿಂದಕ್ಕೆ ಎಳೆದು ನೋಡುತ್ತೀನಿ ಅಂದಿರಲ್ಲ, ಅದು ಓದಿದ ಹಾಗಾಯ್ತು, ಕೇಳಿದ ಹಾಗಲ್ಲ. ಪರೀಕ್ಷೆಯಲ್ಲಿ ಆಡಿಯೋ ಒಂದೇ ಸಲ ಬರುತ್ತದೆ, ಸುಮಾರು 30 ನಿಮಿಷಕ್ಕೆ 40 ಪ್ರಶ್ನೆ, ಒಂದು ತಪ್ಪಿತಲ್ಲಾ ಅಂತ ಯೋಚಿಸುತ್ತಾ ಕೂತರೆ ಮುಂದಿನ ಎರಡೂ ಕೈಬಿಟ್ಟು ಹೋಗುತ್ತವೆ. ಹಾಗಾಗಿ ಮೊದಲು ನಿಲ್ಲಿಸದೆ ಒಂದು ಸಲ ಕೇಳಿ, ಉತ್ತರ ಬರೆದುಬಿಡಿ. ಸ್ಕ್ರಿಪ್ಟ್ (ಆಡಿಯೋದಲ್ಲಿನ ಮಾತಿನ ಬರಹ) ಆಮೇಲೆ ತೆರೆದು ನೋಡಿ. ಬರೀ ಅಮೆರಿಕನ್ ಚಾನೆಲ್ ಸಾಲದು, ಬ್ರಿಟಿಷ್, ಆಸ್ಟ್ರೇಲಿಯನ್ ಮಾತೂ ಕಿವಿಗೆ ಬೀಳಲಿ.

‘ಒಂದೇ ವಾರದಲ್ಲಿ ಬ್ಯಾಂಡ್ 8’ (ಅಂದರೆ 9ಕ್ಕೆ 8 ಅಂಕ) ಅನ್ನೋ ವಿಡಿಯೋಗಳು ಸುಮ್ನೆ ಟೈಮ್ ವೇಸ್ಟ್. ಅದರಲ್ಲಿ ಕೊಡುವ ಸ್ಪೀಕಿಂಗ್ ಉತ್ತರ ಬಾಯಿಪಾಠ ಮಾಡಬೇಡಿ, ಪರೀಕ್ಷಕರಿಗೆ ಗೊತ್ತಾಗಿಬಿಡುತ್ತದೆ. ಕ್ಯೂ ಕಾರ್ಡ್‌ಗೆ (ಮಾತಾಡಬೇಕಾದ ವಿಷಯ ಬರೆದ ಚೀಟಿ) ಒಂದು ನಿಮಿಷ ತಯಾರಿ, ಎರಡು ನಿಮಿಷದವರೆಗೆ ಮಾತು, ಇದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ (ನಮ್ಮ ದನಿ ನಮಗೇ ನಾಚಿಕೆ ತರಿಸುತ್ತದೆ, ಇರಲಿ).

ವಿಡಿಯೋದಿಂದ ಆಗದ್ದು ರೈಟಿಂಗ್. ನೀವು ಬರೆದ 250 ಪದದ ಪ್ರಬಂಧವನ್ನು ಯಾವ ಚಾನೆಲ್ಲೂ ಕೂತು ತಿದ್ದಿಕೊಡುವುದಿಲ್ಲ. ಕಾಲೇಜಿನ ಇಂಗ್ಲಿಷ್ ಲೆಕ್ಚರರ್‌ಗೆ ವಾರಕ್ಕೊಂದಾದರೂ ತೋರಿಸಿ, ಕೇಳಿದರೆ ಬಹಳಷ್ಟು ಜನ ಇಲ್ಲ ಅನ್ನುವುದಿಲ್ಲ.