ಮನೆಯೊಳಗಿನ ರೈಲು: ಓದುಗರ ಪ್ರಶ್ನೆ, ಸ್ಟೇಷನ್ ಮಾಸ್ಟರ್ ಉತ್ತರ

ಎರಡು ಸಂಚಿಕೆ ಹಿಂದೆ ನಮ್ಮ ಮಹಡಿ ಕೋಣೆಯ ಪುಟಾಣಿ ರೈಲಿನ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು 34 ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ಹೆಚ್ಚು ಕಾಲ ಕಳೆದದ್ದು ಸಣ್ಣ ಸ್ಟೇಷನ್‌ಗಳಲ್ಲೇ. ಈಗ ಮೈಸೂರಿನಲ್ಲಿದ್ದೇನೆ. ನನ್ನ ಲೇಔಟ್ (ಹಲಗೆಯ ಮೇಲೆ ಕಟ್ಟಿದ ಹಳಿ, ಸ್ಟೇಷನ್ ಎಲ್ಲ ಸೇರಿ) ಎಚ್‌ಓ ಅಳತೆಯದು. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಭಾಗ. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್.

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್, ಮಗನ ಹುಟ್ಟುಹಬ್ಬಕ್ಕೆ ಎಚ್‌ಓ ರೈಲು ಸೆಟ್ ತಂದೆ. ಪ್ಲೈವುಡ್ ಮೇಲೆ ಮೊಟ್ಟೆ ಆಕಾರದಲ್ಲಿ ಹಳಿ ಜೋಡಿಸಿದೆವು. ಮೊದಲ ವಾರ ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದರು. ಈಗ ಒಂದೂವರೆ ತಿಂಗಳಾಯಿತು, ಯಾರೂ ಮುಟ್ಟುತ್ತಿಲ್ಲ. ಇನ್ನೊಂದು ಎಂಜಿನ್ ತಂದರೆ ಸರಿಹೋಗುತ್ತದೆಯೇ?

ಉತ್ತರ: ಎಂಜಿನ್ ತರಬೇಡಿ. ಎರಡು ಪಾಯಿಂಟ್ ತನ್ನಿ, ಸಾಕು. ಗಾಡಿ ಒಂದು ಹಳಿಯಿಂದ ಇನ್ನೊಂದು ಹಳಿಗೆ ತಿರುಗುವ ಕವಲೇ ಪಾಯಿಂಟ್. ನಿಮ್ಮ ರೈಲಿಗೆ ಹೋಗೋಕೆ ಊರಿಲ್ಲ, ಮಾಡೋಕೆ ಕೆಲಸ ಇಲ್ಲ. ತೊಂದರೆ ಇರುವುದು ಅಲ್ಲೇ. ನನ್ನ ಸರ್ವೀಸಿನಲ್ಲಿ ಎಕ್ಸ್‌ಪ್ರೆಸ್ ಗಾಡಿಗಳು ಸಾವಿರಾರು ಹೋಗಿವೆ. ಹಸಿರು ಬಾವುಟ ತೋರಿಸಿದೆ, ಹೋದವು. ಒಂದೂ ನೆನಪಿಲ್ಲ. ನೆನಪಿರುವುದು ಶಂಟಿಂಗ್ ಮಾಡಿದ, ಅಂದರೆ ವ್ಯಾಗನ್‌ಗಳನ್ನು ಬಿಡಿಸಿ ಬೇರೆ ಬೇರೆ ಹಳಿಗೆ ಸೇರಿಸಿದ ರಾತ್ರಿಗಳು. ಗೊಬ್ಬರದ ವ್ಯಾಗನ್ ಗೂಡ್ಸ್ ಶೆಡ್ಡಿಗೆ ಹೋಗಬೇಕು, ಅದರ ಮುಂದೆ ಖಾಲಿ ವ್ಯಾಗನ್ ಎರಡು ಅಡ್ಡ ನಿಂತಿವೆ, ಇತ್ತ ಪ್ಯಾಸೆಂಜರ್ ಬರೋಕೆ ನಲವತ್ತು ನಿಮಿಷ ಇದೆ. ಆ ಲೆಕ್ಕಾಚಾರದಲ್ಲಿ ಇರುವ ಸೊಗಸು ಸುತ್ತುವ ರೈಲಿನಲ್ಲಿ ಸಿಗುವುದಿಲ್ಲ.

ಇದನ್ನೇ ಆಟ ಮಾಡಿದವರು ಇಂಗ್ಲೆಂಡಿನ ಅಲನ್ ರೈಟ್. ಅವರ ಲೇಔಟಿನ ಹೆಸರು ಇಂಗಲ್‌ನುಕ್. ಇಂದಿಗೂ ಆಟಕ್ಕೆ ಅದೇ ಹೆಸರು. ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ ಇರಬೇಕು. ಉದ್ದದ್ದರಲ್ಲಿ ಐದು ವ್ಯಾಗನ್ ಹಿಡಿಸಬೇಕು, ಉಳಿದ ಎರಡರಲ್ಲಿ ಮೂರು ಮೂರು. ಮೂರೂ ಸೇರುವ ಕಡೆ, ಎಂಜಿನ್ ಹಿಂದೆ ಮುಂದೆ ಓಡಾಡುವ ತುಂಡು ಹಳಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್‌ಗೆ ಮಾತ್ರ ಜಾಗ. ಇಷ್ಟಕ್ಕೆ ಎರಡೇ ಪಾಯಿಂಟ್ ಸಾಕು. ಒಟ್ಟು ಎಂಟು ವ್ಯಾಗನ್. ಎಂಟಕ್ಕೂ ಚೀಟಿ ಬರೆದು ಲೋಟಕ್ಕೆ ಹಾಕಿ. ಐದು ಚೀಟಿ ಎತ್ತಿ. ಎತ್ತಿದ ಕ್ರಮದಲ್ಲೇ ಆ ಐದು ವ್ಯಾಗನ್ ಉದ್ದದ ಸೈಡಿಂಗ್‌ನಲ್ಲಿ ನಿಲ್ಲಬೇಕು. ವ್ಯಾಗನ್‌ಗಳನ್ನು ಕೈಯಲ್ಲಿ ಎತ್ತಿಡುವ ಹಾಗಿಲ್ಲ.

ಕೇಳೋಕೆ ಸುಲಭ. ಆದರೆ ಎಂಟರಲ್ಲಿ ಐದನ್ನು 6,720 ಬಗೆಯಲ್ಲಿ ಜೋಡಿಸಬಹುದು. ನಿಮ್ಮ ಮಗ ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ ಆಗುತ್ತದೆ! ನಮ್ಮ ರೈಲ್ವೆಯ ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ ನಿಜದಲ್ಲಿ 10.7 ಮೀಟರ್. ಎಚ್‌ಓದಲ್ಲಿ 12 ಸೆಂಟಿಮೀಟರ್ ಚಿಲ್ಲರೆ. ಇಡೀ ಆಟ ಐದೂವರೆ ಅಡಿ ಉದ್ದ, ಒಂದಡಿ ಅಗಲದ ಹಲಗೆಯ ಮೇಲೆ ಕೂತುಬಿಡುತ್ತದೆ. ಮೊಟ್ಟೆಯಾಕಾರದ ಒಳಗಡೆಯೇ ಮಾಡಿಕೊಂಡರೂ ಸರಿ.

ವ್ಯಾಗನ್ ಕೊಂಡಿ ಬಿಡಿಸೋಕೆ ತುದಿ ಚಪ್ಪಟೆ ಮಾಡಿದ ಬಿದಿರು ಕಡ್ಡಿ ಇಟ್ಟುಕೊಳ್ಳಿ. ಇನ್ನೊಂದು, ವೇಗ ಬೇಡ. ಶಂಟಿಂಗ್ ಅಂದರೆ ಪಕ್ಕದಲ್ಲಿ ಪಾಯಿಂಟ್ ತಿರುಗಿಸುವ ಪಾಯಿಂಟ್ಸ್‌ಮನ್ ನಡೆದುಕೊಂಡೇ ಬರುತ್ತಾನೆ, ಅವನ ನಡಿಗೆಯ ವೇಗಕ್ಕೆ ಎಂಜಿನ್ ಹೋಗಬೇಕು. ನಮ್ಮ ಮನೆಯಲ್ಲಿ ಒಬ್ಬರು ಎಂಜಿನ್ ಓಡಿಸುತ್ತೇವೆ, ಇನ್ನೊಬ್ಬರು ಪಾಯಿಂಟ್ಸ್‌ಮನ್. ಪಾಯಿಂಟ್ಸ್‌ಮನ್ ಹೇಳದೆ ಎಂಜಿನ್ ಕದಲುವ ಹಾಗಿಲ್ಲ. ಇಷ್ಟು ಮಾಡಿ ನೋಡಿ, ಮಗ ಊಟಕ್ಕೆ ಕರೆದರೂ ಬರುವುದಿಲ್ಲ.

ಪ್ರಶ್ನೆ (ದಾವಣಗೆರೆ): ಹೋದ ರೈಲು ತಿರುಗಿ ಅದೇ ಹಳಿಗೆ ವಾಪಸ್ ಬರಲಿ ಎಂದು ಬಳಸು ಹಳಿ ಹಾಕಿದೆ. ಕೊನೆಯ ತುಂಡು ಜೋಡಿಸಿದ ಕೂಡಲೇ ಕಂಟ್ರೋಲರ್‌ನ ಕೆಂಪು ದೀಪ ಹತ್ತಿಕೊಂಡಿತು. ಹಳಿ ಕೆಟ್ಟಿದೆಯೇ?

ಉತ್ತರ: ಹಳಿ ಚೆನ್ನಾಗಿಯೇ ಇದೆ. ಎರಡು ಹಳಿಯಲ್ಲಿ ಒಂದು ಪ್ಲಸ್, ಒಂದು ಮೈನಸ್ ಅಲ್ವಾ? ಬಳಸಿ ಬಂದಾಗ ಎಡಗಡೆ ಹಳಿ ಹೋಗಿ ಬಲಗಡೆ ಹಳಿಯನ್ನೇ ಮುಟ್ಟುತ್ತದೆ. ಅದು ನೇರ ಶಾರ್ಟ್. ಕಾಗದದ ಮೇಲೆ ಎರಡು ಹಳಿಗೆ ಎರಡು ಬಣ್ಣ ಹಚ್ಚಿ ನೋಡಿ, ಕಣ್ಣಿಗೇ ಕಾಣುತ್ತದೆ. ಬಳಸಿನಲ್ಲಿ ಒಂದು ಉದ್ದದ ಭಾಗವನ್ನು ಎರಡೂ ತುದಿಯಲ್ಲಿ, ಎರಡೂ ಹಳಿ ಕಡಿದು ಪ್ಲಾಸ್ಟಿಕ್ ಜಾಯಿನರ್ (ಹಳಿ ತುಂಡುಗಳನ್ನು ಸೇರಿಸುವ ಕೊಂಡಿ) ಹಾಕಿ ಬೇರೆ ಮಾಡಿ. ಆ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದ ಇರಬೇಕು. ಅದಕ್ಕೆ ಬೇರೆ ತಂತಿ ಕೊಟ್ಟು, ಪ್ಲಸ್ ಮೈನಸ್ ಅದಲುಬದಲು ಮಾಡುವ ಸ್ವಿಚ್ ಹಾಕಿ. ನಿಮ್ಮದು ಡಿಸಿಸಿ, ಅಂದರೆ ಎಂಜಿನ್‌ಗಳಿಗೆ ಹಳಿಯ ಮೂಲಕ ಡಿಜಿಟಲ್ ಆದೇಶ ಕಳಿಸುವ ಬಗೆಯದ್ದು ಆಗಿದ್ದರೆ ಈ ಕೆಲಸವನ್ನು ತಾನಾಗಿಯೇ ಮಾಡುವ ಸಣ್ಣ ಪೆಟ್ಟಿಗೆ ಸಿಗುತ್ತದೆ.

ಪ್ರಶ್ನೆ (ಹಾಸನ): ನನ್ನ ಊರು ಸಕಲೇಶಪುರದ ಹತ್ತಿರ. ಹತ್ತಡಿಗೆ ಹತ್ತಡಿಯ ಕೋಣೆ ಖಾಲಿ ಇದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಇಡೀ ಕಟ್ಟಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಒಂದು ದಿನ ಬೇರೆ ಏನೂ ಮಾಡೋಕೆ ಆಗಲಿಲ್ಲ. ಅದು ಅಂಥ ದಾರಿ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾಯಿತು, ಆಮೇಲೆ ಬ್ರಾಡ್ ಗೇಜ್ ಆಯಿತು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಉದ್ದ ಸುಮಾರು 55 ಕಿಲೋಮೀಟರ್. 87ರಿಂದ ಭಾಗಿಸಿ ನೋಡಿ: 630 ಮೀಟರ್. ಇಡೀ ಘಾಟಿ ನಿಮ್ಮ ಕೋಣೆಯಲ್ಲಿ ಹಿಡಿಸುವುದಿಲ್ಲ, ಬೀದಿಯಲ್ಲೂ ಹಿಡಿಸುವುದಿಲ್ಲ. ಅದಕ್ಕೆ ಬೇಜಾರು ಬೇಡ. ಒಂದೇ ಸ್ಟೇಷನ್ ಆರಿಸಿಕೊಳ್ಳಿ. ನಾನಾಗಿದ್ದರೆ ಎಡಕುಮೇರಿ ತೆಗೆದುಕೊಳ್ಳುತ್ತಿದ್ದೆ. ಕಾಡಿನ ನಡುವೆ ಸ್ಟೇಷನ್, ಆಚೆ ಈಚೆ ಸುರಂಗ ಮತ್ತು ಸೇತುವೆ. ಮೇಲಿಂದ ಬಂದ ಗಾಡಿ ಕೆಳಗಿಂದ ಬರುವ ಗಾಡಿಗೆ ಕಾಯುವ ಜಾಗ. ನಿಮಗೆ ಬೇಕಾದದ್ದೆಲ್ಲ ಅಲ್ಲೇ ಇದೆ.

ಕೋಣೆಯ ನಡುವೆ ನೀವು ನಿಲ್ಲಿ, ರೈಲು ಗೋಡೆಯ ಸುತ್ತ ಹೋಗಲಿ. ಮೂಲೆಗಳಲ್ಲಿ ದುಂಡಗೆ ತಿರುಗಿಸಿದರೂ ಸುಮಾರು ಹತ್ತು ಮೀಟರ್ ಹಳಿ ಸಿಗುತ್ತದೆ. ನಿಜವಾದ ಘಾಟಿಯ ಏರು 50ಕ್ಕೆ 1. ನೀವೂ ಅಷ್ಟೇ ಇಟ್ಟುಕೊಳ್ಳಿ: ಒಂದು ಮೀಟರಿಗೆ ಎರಡು ಸೆಂಟಿಮೀಟರ್. ಒಂದು ಸುತ್ತಿಗೆ ಹತ್ತಿರ ಹತ್ತಿರ 20 ಸೆಂಟಿಮೀಟರ್ ಮೇಲೇರುತ್ತೀರಿ. ಒಂದು ಹಳಿಯ ಮೇಲೆ ಇನ್ನೊಂದು ದಾಟೋಕೆ ಎಂಟು ಸೆಂಟಿಮೀಟರ್ ಸಾಕು, ಹಾಗಾಗಿ ಜಾಗಕ್ಕೆ ಕೊರತೆ ಇಲ್ಲ. ಸ್ಟೇಷನ್ ಇರುವ ಭಾಗ ಮಾತ್ರ ಪೂರ್ತಿ ಸಮತಟ್ಟಾಗಿರಲಿ, ಇಲ್ಲದಿದ್ದರೆ ಬಿಟ್ಟ ವ್ಯಾಗನ್ ತಾನಾಗಿಯೇ ಹೊರಟುಬಿಡುತ್ತದೆ. ತಿರುವಿನ ತ್ರಿಜ್ಯ 60 ಸೆಂಟಿಮೀಟರ್‌ಗಿಂತ ಕಡಿಮೆ ಮಾಡಬೇಡಿ. ಏರು ಮತ್ತು ತಿರುವು ಒಟ್ಟಿಗೆ ಬಂದಾಗ ಎಂಜಿನ್‌ಗೆ ಎರಡು ಪಟ್ಟು ಕಷ್ಟ.

ಗಾಡಿ ಚಿಕ್ಕದಿರಲಿ. ಚೆನ್ನೈನ ಐಸಿಎಫ್ ಕಾರ್ಖಾನೆಯ ಬೋಗಿ ಎಚ್‌ಓದಲ್ಲಿ 25 ಸೆಂಟಿಮೀಟರ್ ಆಗುತ್ತದೆ. ಹನ್ನೆರಡು ಬೋಗಿ ಹಾಕಿದರೆ ಮೂರು ಮೀಟರ್, ನಿಮ್ಮ ಗೋಡೆಯಷ್ಟೇ ಉದ್ದ! ನಾಲ್ಕು ಬೋಗಿ ಹಾಕಿ. ಸುರಂಗದಿಂದ ಮೂತಿ ಹೊರಗೆ ಬಂದು, ಬಾಲ ಇನ್ನೂ ಒಳಗಿರುವಾಗ ಎಷ್ಟು ಬೋಗಿ ಎಂದು ಯಾರೂ ಎಣಿಸುವುದಿಲ್ಲ. ಗೇಜ್, ಅಂದರೆ ಹಳಿಗಳ ನಡುವಿನ ಅಂತರದ ಬಗ್ಗೆಯೂ ಕೇಳುತ್ತೀರಿ ಎಂದು ಗೊತ್ತು. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಲೆಕ್ಕದ ಪ್ರಕಾರ ಎಚ್‌ಓದಲ್ಲಿ 19 ಮಿಲಿಮೀಟರ್ ದಾಟಬೇಕು, ಸಿಗುವುದು 16.5. ನಾನು ಇದನ್ನು ಒಪ್ಪಿಕೊಂಡೇ ಇಪ್ಪತ್ತು ವರ್ಷ ಆಡಿದ್ದೇನೆ. ನೀವೂ ಒಪ್ಪಿಕೊಳ್ಳಿ.

ಬೆಟ್ಟವನ್ನು ಮೇಲೆತ್ತಿ ತೆಗೆಯುವ ಹಾಗೆ ಮಾಡಿ. ಗಾಡಿ ಹಳಿ ತಪ್ಪುವುದು ಯಾವಾಗಲೂ ಸುರಂಗದೊಳಗೇ. ಮಣ್ಣಿಗೆ ನಿಮ್ಮೂರಿನ ಕೆಂಪು ಮಣ್ಣನ್ನೇ ಜರಡಿ ಹಿಡಿದು ಹಾಕಿ, ಆದರೆ ಮೊದಲು ಅದರೊಳಗೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣಗಳು ಬಂದು ಅಂಟಿಕೊಳ್ಳುತ್ತವೆ. ಅವು ಉಳಿದರೆ ಎಂಜಿನ್ ಮೋಟಾರಿನ ಒಳಗೆ ಸೇರುತ್ತವೆ. ಹಳಿ ಪಕ್ಕದ ಜಲ್ಲಿಗೆ ಫೆವಿಕಾಲ್‌ಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಹಾಕಿ, ಇಂಕ್ ಫಿಲ್ಲರ್‌ನಲ್ಲಿ ಬಿಡಿ. ಸೋಪು ಇಲ್ಲದಿದ್ದರೆ ಅಂಟು ಜಲ್ಲಿಯ ಒಳಗೆ ಇಳಿಯದೆ ಮೇಲೆಯೇ ಗುಂಡಗೆ ನಿಲ್ಲುತ್ತದೆ.

ಇನ್ನು ನನಗೆ ಬಹಳ ಇಷ್ಟವಾದ ವಿಷಯ. ಒಂಟಿ ಹಳಿಯಲ್ಲಿ ಎರಡು ಗಾಡಿ ಎದುರುಬದುರು ಬರದ ಹಾಗೆ ನಾವು ನೋಡಿಕೊಳ್ಳುತ್ತಿದ್ದದ್ದು ನೀಲ್ ಬಾಲ್ ಟೋಕನ್ ಯಂತ್ರದಿಂದ. ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ. ಒಳಗೆ ಉಕ್ಕಿನ ಗುಂಡುಗಳು. ಪಕ್ಕದ ಸ್ಟೇಷನ್‌ನವರು ಒಪ್ಪಿದರೆ ಮಾತ್ರ ಒಂದು ಗುಂಡು ಹೊರಗೆ ಬರುತ್ತದೆ. ಅದು ಯಾವುದಾದರೂ ಒಂದು ಯಂತ್ರಕ್ಕೆ ವಾಪಸ್ ಬೀಳುವವರೆಗೆ ಇನ್ನೊಂದು ಬರುವುದಿಲ್ಲ. ಆ ಗುಂಡನ್ನು ಚೀಲದಲ್ಲಿ ಹಾಕಿ, ಬಳೆಯಂಥ ದೊಡ್ಡ ಹಿಡಿಕೆಗೆ ಕಟ್ಟಿ ಡ್ರೈವರ್‌ಗೆ ಕೊಡುತ್ತಿದ್ದೆವು. ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಹೊರಡುವ ಹಾಗಿಲ್ಲ. ಮಳೆಯಲ್ಲಿ ಕಂದೀಲು ಹಿಡಿದು ನಿಂತು ಅದನ್ನು ಎಷ್ಟು ಸಲ ಕೊಟ್ಟಿದ್ದೇನೋ.

ನೀವು ಗೋಲಿ ಬಳಸಿ. ಎರಡು ಸ್ಟೇಷನ್ ನಡುವಿನ ಒಂದು ಸೆಕ್ಷನ್‌ಗೆ ಒಂದೇ ಗೋಲಿ. ಅದು ಕೈಗೆ ಬಂದರೆ ಗಾಡಿ ಹೊರಡಲಿ. ನಮ್ಮ ಮನೆಯಲ್ಲಿ ಮೊಮ್ಮಗಳು ಮೇಲಿನ ಸ್ಟೇಷನ್, ನಾನು ಕೆಳಗಿನದು. ನಡುವೆ ಎರಡು ಪೂಜೆ ಗಂಟೆ. ಒಂದು ಸಲ ಬಾರಿಸಿದರೆ 'ಕೇಳಿಸ್ತಾ?', ಎರಡು ಸಲ 'ಲೈನ್ ಕ್ಲಿಯರ್ ಕೊಡ್ತೀಯಾ?'. ಅವಳು ಎರಡು ಸಲ ವಾಪಸ್ ಬಾರಿಸಿದರೆ ಗೋಲಿ ನನ್ನದು. ಪಕ್ಕದಲ್ಲಿ ರಿಜಿಸ್ಟರ್ ಇದೆ, ಹೊತ್ತು ಬರೆಯುತ್ತೇವೆ. ನಾಲ್ಕು ಗಾಡಿಯ ವೇಳಾಪಟ್ಟಿ ಮುಗಿಯೋಕೆ ಒಂದೂವರೆ ಗಂಟೆ ಬೇಕು.

ಪ್ರಶ್ನೆ (ಧಾರವಾಡ): ನನ್ನ ಸಣ್ಣ ಎಂಜಿನ್ ಪಾಯಿಂಟ್ ಮೇಲೆ ಬಂದಾಗಲೆಲ್ಲ ನಿಲ್ಲುತ್ತದೆ. ಬೆರಳಿನಿಂದ ತಳ್ಳಿದರೆ ಹೋಗುತ್ತದೆ.

ಉತ್ತರ: ಪಾಯಿಂಟ್‌ನಲ್ಲಿ ಎರಡು ಹಳಿ ಚೂಪಾಗಿ ಸೇರುವ ಜಾಗಕ್ಕೆ ಈ ಹವ್ಯಾಸದವರು ಫ್ರಾಗ್ ಎನ್ನುತ್ತಾರೆ. ಕೆಲವು ಪಾಯಿಂಟ್‌ಗಳಲ್ಲಿ ಅದು ಪ್ಲಾಸ್ಟಿಕ್, ಕರೆಂಟ್ ಇರುವುದಿಲ್ಲ. ಉದ್ದದ ಎಂಜಿನ್‌ಗೆ ಬೇರೆ ಚಕ್ರಗಳಿಂದ ಕರೆಂಟ್ ಸಿಗುತ್ತದೆ, ದಾಟಿಬಿಡುತ್ತದೆ. ನಾಲ್ಕೇ ಚಕ್ರದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದಿನ ಸಲ ಲೋಹದ ಫ್ರಾಗ್ ಇರುವ ಪಾಯಿಂಟ್ ತನ್ನಿ. ಈಗಿನದಕ್ಕೆ, ಮೊದಲು ಚಕ್ರ ಮತ್ತು ಹಳಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಗೀರುಗಳಲ್ಲಿ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ. ಜಾಯಿನರ್‌ಗಳನ್ನೇ ನಂಬಿ ಕರೆಂಟ್ ಕಳಿಸಬೇಡಿ. ಮೂರಡಿಗೊಂದು ಜೊತೆ ತಂತಿಯನ್ನು ಹಳಿಗೆ ಬೆಸುಗೆ ಹಾಕಿ, ಹಲಗೆಯ ಕೆಳಗಿನ ದಪ್ಪ ತಂತಿಗೆ ಸೇರಿಸಿ.

ಪ್ರಶ್ನೆ (ಕುಂದಾಪುರ): ನಮ್ಮ ಮಳೆಗೆ ಇದೆಲ್ಲ ಉಳಿಯುತ್ತದೆಯೇ?

ಉತ್ತರ: ಉಳಿಯುತ್ತದೆ, ಮರ ಸರಿಯಾಗಿದ್ದರೆ. ನನ್ನ ಮೊದಲ ಲೇಔಟ್ ಪುಡಿ ಒತ್ತಿ ಮಾಡಿದ ಅಗ್ಗದ ಹಲಗೆಯ ಮೇಲಿತ್ತು. ಒಂದು ಆಷಾಢದಲ್ಲಿ ಅಂಚು ಊದಿ, ಹಳಿ ಹಾವಿನ ಹಾಗೆ ಎದ್ದಿತು. ಎಂಟು ತಿಂಗಳ ಕೆಲಸ. ಒಳ್ಳೆಯ ಪ್ಲೈವುಡ್ ತನ್ನಿ, ಮೇಲೆ ಕೆಳಗೆ ಅಂಚು ಎಲ್ಲಕ್ಕೂ ಬಣ್ಣ ಹೊಡೆಯಿರಿ. ಹಳಿ ನಿಕಲ್ ಸಿಲ್ವರ್‌ನದ್ದಿರಲಿ. ಹೆಸರಿನಲ್ಲಿ ಮಾತ್ರ ಬೆಳ್ಳಿ, ಇರುವುದು ತಾಮ್ರ, ನಿಕಲ್, ಸತು. ತುಕ್ಕು ಹಿಡಿಯುವುದಿಲ್ಲ. ಕೆಲವು ಸೆಟ್‌ಗಳ ಉಕ್ಕಿನ ಹಳಿ ನಿಮ್ಮ ಕಡಲ ಗಾಳಿಗೆ ಬಾಳದು. ಧೂಳಿಗೆಂದು ಹಳೇ ಹತ್ತಿ ಸೀರೆ ಹೊದಿಸಬೇಡಿ, ಎಳೆ ಬಿಟ್ಟು ಎಂಜಿನ್ನಿನ ಗೇರ್ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ.

ಪ್ರಶ್ನೆ (ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಒಬ್ಬ ಕನ್ನಡಿಗರು): ತುಮಕೂರಿನಲ್ಲಿರುವ ಅಪ್ಪನ ಹತ್ತಿರ ಎಚ್‌ಓ ಲೇಔಟ್ ಇದೆ. ಇಲ್ಲಿಂದ ಮರ್ಕ್ಲಿನ್ ಎಂಬ ಜರ್ಮನ್ ಕಂಪನಿಯ ಎಂಜಿನ್ ತಂದುಕೊಡಬಹುದೇ?

ಉತ್ತರ: ಅಪ್ಪನದ್ದು ಎರಡು ಹಳಿಯ ಡಿಸಿ (ಒಂದು ಹಳಿ ಪ್ಲಸ್, ಒಂದು ಮೈನಸ್) ಲೇಔಟ್ ಆಗಿದ್ದರೆ ಬೇಡ. ಮರ್ಕ್ಲಿನ್ ಎಚ್‌ಓ ಎಂಜಿನ್ ಹಳಿಯ ನಡುವಿನ ಸಣ್ಣ ಮೊಳೆಗಳಿಂದ ಕರೆಂಟ್ ತೆಗೆದುಕೊಳ್ಳುತ್ತದೆ. ಅದರ ಎಡ ಬಲ ಚಕ್ರಗಳು ಒಂದಕ್ಕೊಂದು ಕರೆಂಟ್ ದಾಟಿಸುತ್ತವೆ, ಅಪ್ಪನ ಹಳಿಯ ಮೇಲೆ ಇಟ್ಟರೆ ಶಾರ್ಟ್ ಆಗುತ್ತದೆ. ಅದೇ ಕಂಪನಿಯ ಟ್ರಿಕ್ಸ್ ಹೆಸರಿನ ಎಚ್‌ಓ ಎಂಜಿನ್‌ಗಳು ಎರಡು ಹಳಿಗೆ ಮಾಡಿದವು. ಅದನ್ನು ತನ್ನಿ. ಅಪ್ಪ ನಿಮ್ಮಲ್ಲಿಗೆ ಬಂದಾಗ ಹ್ಯಾಂಬರ್ಗ್‌ನ ಮಿನಿಯಾಟುರ್ ವುಂಡರ್‌ಲಾಂಡ್‌ಗೆ ತಪ್ಪದೇ ಕರೆದುಕೊಂಡು ಹೋಗಿ. 2001ರಿಂದ ಬೆಳೆಯುತ್ತಲೇ ಇರುವ ಎಚ್‌ಓ ಲೋಕ ಅದು.

ಪ್ರಶ್ನೆ (ಬೆಳಗಾವಿ): ಕಟ್ಟುವ ಮೊದಲು ಒಂದು ಸಲ ಕಣ್ಣಾರೆ ನೋಡಬೇಕು. ಹತ್ತಿರ ಎಲ್ಲಿದೆ?

ಉತ್ತರ: ನಿಮಗೆ ಪುಣೆ ಹತ್ತಿರ. ಕೊಥ್ರೂಡ್‌ನಲ್ಲಿ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂ 1998ರಿಂದ ಇದೆ. ಮೈಸೂರಿಗೆ ಬಂದರೆ 1979ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯ ನೋಡಿ. ಅಲ್ಲಿ ಇರುವುದು ನಿಜವಾದ ಎಂಜಿನ್‌ಗಳು. ಅಳತೆಪಟ್ಟಿ, ನೋಟ್‌ಬುಕ್ ಜೊತೆಗಿರಲಿ.

ಪ್ರಶ್ನೆ (ತರೀಕೆರೆ ಹತ್ತಿರದ ಹಳ್ಳಿ, 12 ವರ್ಷದ ಹುಡುಗಿ): ತಾತ, ನನ್ನ ಹತ್ತಿರ ರೈಲು ಇಲ್ಲ. ರಟ್ಟಿನಲ್ಲಿ ನಮ್ಮೂರಿಗೆ ಸ್ಟೇಷನ್ ಮಾಡಿದ್ದೇನೆ. ನಿಜವಾಗಿ ನಮ್ಮೂರಿಗೆ ರೈಲು ಬರಲ್ಲ. ಬೋರ್ಡ್ ಹೇಗೆ ಬರೆಯಬೇಕು?

ಉತ್ತರ: ಪುಟ್ಟಿ, ಸ್ಟೇಷನ್ ಮೊದಲು ಮಾಡಿದ್ದೀಯ, ತುಂಬಾ ಒಳ್ಳೆಯದು. ಹಳದಿ ಬಣ್ಣ ಹಚ್ಚು, ಅಕ್ಷರ ಕಪ್ಪು. ಮೇಲೆ ಕನ್ನಡ, ಆಮೇಲೆ ಹಿಂದಿ, ಇಂಗ್ಲಿಷ್. ಬೋರ್ಡಿನ ಎರಡೂ ಕಡೆ ಕಂಬ ಇರಲಿ. ನಿಜವಾದ ಬೋರ್ಡಿನಲ್ಲಿ ಊರು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಎಂದೂ ಬರೆದಿರುತ್ತಾರೆ. ನಿಮ್ಮೂರು ಎಷ್ಟು ಎತ್ತರದಲ್ಲಿದೆ ಎಂದು ಶಾಲೆಯ ಮೇಷ್ಟ್ರನ್ನು ಕೇಳಿ ಅದನ್ನೂ ಬರೆ. ಪ್ಲಾಟ್‌ಫಾರ್ಮ್ ಉದ್ದ 60 ಸೆಂಟಿಮೀಟರ್ ಇಟ್ಟುಕೋ. ಎರಡು ಬೋಗಿ ನಿಲ್ಲುತ್ತವೆ. ನನ್ನ ಹತ್ತಿರ ಒಂದು ಮೀಟರ್ ಹಳಿ ಮತ್ತು ಹಳೆಯ ಬ್ರೇಕ್ ವ್ಯಾನ್ (ಗಾಡಿಯ ಕೊನೆಯ ಗಾರ್ಡ್ ಡಬ್ಬಿ) ಒಂದು ಜಾಸ್ತಿ ಇದೆ. ಸಂಪಾದಕರಿಗೆ ಅಮ್ಮನ ಕೈಲಿ ವಿಳಾಸ ಬರೆಸಿ ಕಳಿಸು, ಪಾರ್ಸೆಲ್ ಹಾಕುತ್ತೇನೆ.