ಮೇಲಿನಿಂದ ಬಾಬಿನ್ (ಅಡಿಯ ದಾರದ ಉರುಳೆ) ಇಡುವ ಹೊಲಿಗೆ ಮಷಿನ್ ಮಾರಿ, ಬಾಬಿನ್ ಕೇಸ್ (ಬಾಬಿನ್ ಕೂರಿಸುವ ಲೋಹದ ಗೂಡು) ಇರುವ ಹಳೆಯ ಬಗೆಯದನ್ನು ಕೊಳ್ಳಲೇ?

ಮಾರಬೇಡಿ. ಬಟ್ಟೆಯ ಅಡಿಯಲ್ಲಿ ದಾರ ಗೋಜಲಾಗುತ್ತದೆ, ಆದ್ದರಿಂದ ಬಾಬಿನ್ ವ್ಯವಸ್ಥೆಯೇ ಸರಿಯಿಲ್ಲ ಎಂದು ನೀವು ತೀರ್ಮಾನಿಸಿದ್ದೀರಿ. ಹೊಸನಗರದ ನಮ್ಮ ಮನೆಯಲ್ಲಿ ಇದೇ ತೀರ್ಮಾನವನ್ನು ನಾನೂ ಮಾಡಿದ್ದೆ, ಇದೇ ಸಿಟ್ಟಿನಲ್ಲಿ.

ನಮ್ಮ ಅತ್ತೆಯದು ಕಾಲಿನಲ್ಲಿ ತುಳಿಯುವ ಮಷಿನ್. ಅದರ ಡ್ರಾಯರಿನಲ್ಲಿ ಡಬ್ಬಿ ತುಂಬ ಸ್ಟೀಲ್ ಬಾಬಿನ್‌ಗಳಿದ್ದವು. ನನ್ನ ಹೊಸ ಮೋಟರ್ ಮಷಿನ್ ಜೊತೆ ಬಂದದ್ದು ಬೆರಳೆಣಿಕೆಯ ಪ್ಲಾಸ್ಟಿಕ್ ಬಾಬಿನ್‌ಗಳು. ರವಿಕೆ ಹೊಲಿಯುವವರಿಗೆ ಅಷ್ಟು ಎಲ್ಲಿ ಸಾಲುತ್ತದೆ? ಬಣ್ಣಕ್ಕೊಂದು ಸುತ್ತಿಟ್ಟುಕೊಂಡರೆ ಮಾತ್ರ ಕೆಲಸ ಸಾಗುವುದು. ಸ್ಟೀಲಿನದೊಂದನ್ನು ಇಟ್ಟು ನೋಡಿದೆ. ಸಲೀಸಾಗಿ ಕುಳಿತಿತು, ಮುಚ್ಚಳವೂ ಮುಚ್ಚಿತು. ಕುಳಿತ ಮೇಲೆ ಇನ್ನೇನು ಎಂದುಕೊಂಡೆ. ನಾನು ಕೆಟ್ಟದ್ದು ಅಲ್ಲಿಯೇ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲೂ 'ಎಲ್ಲ ಒಂದೇ, ತೆಗೆದುಕೊಂಡು ಹೋಗಿ' ಎಂದು ಕೊಟ್ಟುಬಿಡುತ್ತಾರೆ.

ಸೂಜಿ ಪೂರ್ತಿ ಕೆಳಗಿಳಿದು ತುಸು ಮೇಲೇಳುವಾಗ ಮೇಲಿನ ದಾರ ಸಡಿಲಾಗಿ ಸಣ್ಣ ಕುಣಿಕೆಯಾಗುತ್ತದೆ. ಸೂಜಿಯ ಕೆಳಗೆ ತಿರುಗುವ ಕೊಕ್ಕೆಯ ತುದಿ ಆ ಕುಣಿಕೆಯನ್ನು ಹಿಡಿದು, ಅಗಲಿಸಿ, ಬಾಬಿನ್ನಿನ ಸುತ್ತ ದಾಟಿಸುತ್ತದೆ. ಅಂದರೆ ಒಂದೊಂದು ಹೊಲಿಗೆಗೂ ಮೇಲಿನ ದಾರ ಬಾಬಿನ್ನನ್ನು ಅದು ಕೂರುವ ಗೂಡಿನ ಸಮೇತ ಬಳಸಿ ಬರಬೇಕು. ಅದಕ್ಕಾಗಿಯೇ ಆ ಗೂಡನ್ನು ಯಾವುದಕ್ಕೂ ಸ್ಕ್ರೂ ಹಾಕಿ ಬಿಗಿದಿರುವುದಿಲ್ಲ. ಸುತ್ತಲೂ ದಾರ ನುಸುಳುವಷ್ಟು ಸಂದು ಬಿಟ್ಟು ಕೂರಿಸಿರುತ್ತಾರೆ. ಅತ್ತೆಯ ಮಷಿನ್ನಿನಲ್ಲಿ ಕೊಕ್ಕೆ ಒಂದಿಷ್ಟು ಸುತ್ತಿ ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ಬಾಬಿನ್ ಲೋಹದ ಕೇಸಿನೊಳಗೆ ನಿಂತಿರುತ್ತದೆ. ನಿಮ್ಮದರಲ್ಲೂ ನನ್ನದರಲ್ಲೂ ಕೊಕ್ಕೆ ಒಂದೇ ದಿಕ್ಕಿಗೆ ತಿರುಗುತ್ತದೆ, ಬಾಬಿನ್ ಮಲಗಿರುತ್ತದೆ, ಗೂಡು ಪ್ಲಾಸ್ಟಿಕ್ಕಿನದು. ಲೋಹದೊಳಗೆ ಲೋಹ ಬಾಳಿಕೊಂಡು ಹೋಗುತ್ತದೆ. ಪ್ಲಾಸ್ಟಿಕ್ಕಿನೊಳಗೆ ಹಾಕಿದ ಸ್ಟೀಲು ಇಡುವಾಗ, ತೆಗೆಯುವಾಗ, ಉರುಳುವಾಗ ಗೂಡಿನ ಅಂಚನ್ನು ಕೆರೆಯುತ್ತಲೇ ಇತ್ತು. ಆ ಗೀರಿಗೆ ಮೇಲಿನ ದಾರ ಅರೆಗಳಿಗೆ ಸಿಕ್ಕಿಕೊಂಡರೆ ಸಾಕು, ಪೂರ್ತಿ ಮೇಲಕ್ಕೆ ಎಳೆದುಕೊಳ್ಳದೆ ಅಡಿಯಲ್ಲೇ ಉಳಿದು ಗೋಜಲಾಗುತ್ತದೆ. ಅದು ಸಾಲದೆಂಬಂತೆ, ಭಾರದ ಬಾಬಿನ್ ನಾನು ಪೆಡಲ್ ಬಿಟ್ಟ ಮೇಲೂ ತನ್ನ ಪಾಡಿಗೆ ಉರುಳಿ ದಾರ ಸಡಿಲ ಬಿಡುತ್ತಿತ್ತು.

ಹತ್ತಿ ಬಟ್ಟೆಯಲ್ಲಿ ಇದು ಕಣ್ಣಿಗೆ ಬೀಳಲಿಲ್ಲ. ಮದುವೆಯ ಕಾಲದಲ್ಲಿ ಪಕ್ಕದ ಮನೆಯ ಅತ್ತಿಗೆ ಮಗಳ ಧಾರೆ ಸೀರೆಯ ರವಿಕೆ ತಂದರು. ರೇಷ್ಮೆ, ಸೀರೆಯ ಜೊತೆಯಲ್ಲೇ ನೇಯ್ದ ಕಣ. ತೋಳು ಕೂಡಿಸುವಾಗ ಅಡಿಯಲ್ಲಿ ಗೋಜಲು. ಬಾಬಿನ್ ಕಡೆ ತಿರುಗಿಯೂ ನೋಡದೆ ಮೇಲಿನ ದಾರದ ಟೆನ್ಷನ್, ಅಂದರೆ ಬಿಗಿತ, ಹೆಚ್ಚು ಮಾಡಿದೆ. ಬಟ್ಟೆ ಸುಕ್ಕು ಹಿಡಿಯಿತು. ಬಿಚ್ಚಿದೆ. ಸಡಿಲ ಮಾಡಿದೆ, ಮತ್ತೆ ಗೋಜಲು, ಮತ್ತೆ ಬಿಚ್ಚಿದೆ. ರೇಷ್ಮೆಯಲ್ಲಿ ಹೊಲಿಗೆ ಬಿಚ್ಚಬಹುದು, ಸೂಜಿಯ ತೂತು ಮುಚ್ಚುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ತೋಳಿನ ಬುಡದಲ್ಲಿ ಸಾಲು ಚುಕ್ಕಿ. ಶಿವಮೊಗ್ಗದ ಗಾಂಧಿ ಬಜಾರ್ ಇಡೀ ಸುತ್ತಿದೆ, ಅದೇ ಬಣ್ಣ ಅದೇ ಅಂಚು ಎಲ್ಲಿಂದ ಬರಬೇಕು? ಕೊನೆಗೆ ಬೇರೆ ಬಟ್ಟೆಯ ತೋಳು ಇಟ್ಟು, ಮಜೂರಿ ಬಿಟ್ಟು, ಬಟ್ಟೆಯ ದುಡ್ಡನ್ನೂ ಕೈಯಿಂದ ಹಾಕಿದೆ. ಅತ್ತಿಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಒಂದು ರವಿಕೆಯನ್ನೂ ತರಲಿಲ್ಲ.

ಸಾಗರದಿಂದ ಬಂದ ರಿಪೇರಿಯವರು ಗೂಡನ್ನು ಎತ್ತಿ, ಒಂದು ಚೂರು ಅರಳೆಯನ್ನು ಅದರ ಅಂಚಿನ ಗುಂಟ ಸವರಿದರು. ಎರಡು ಕಡೆ ಅರಳೆಯ ಎಳೆ ಕಚ್ಚಿಕೊಂಡು ನಿಂತಿತು. "ಅಕ್ಕಾ, ಮಷಿನ್‌ಗೆ ಏನೂ ಆಗಿಲ್ಲ, ಇದನ್ನೊಂದು ಬದಲಾಯಿಸೋಣ" ಎಂದರು. ಬದಲಾಯಿಸಿದ್ದು ಅಷ್ಟೇ. ಅದೇ ಮಷಿನ್ ಈಗಲೂ ಹೊಲಿಯುತ್ತಿದೆ.

ಹಳೆಯ ವ್ಯವಸ್ಥೆ ಗಟ್ಟಿ, ಹೊಸದು ಪೊಳ್ಳು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ತಿರುಗುವ ಕೊಕ್ಕೆಗೆ ಅಮೆರಿಕದ ಅಲನ್ ವಿಲ್ಸನ್ ಪೇಟೆಂಟ್ ಪಡೆದದ್ದು 1851ರಲ್ಲಿ, ಐಸಾಕ್ ಸಿಂಗರ್ ತಮ್ಮ ಮಷಿನ್‌ಗೆ ಪಡೆದ ವರ್ಷವೇ. ಮೇಲಿನಿಂದ ಬಾಬಿನ್ ಇಡುವ ಸಿಂಗರ್ 66 ಎಂಬ ಮಾದರಿ ಬಂದು ನೂರು ವರ್ಷ ದಾಟಿತು. ಇದರಲ್ಲಿ ಹೊಸದು ಎಂದರೆ ಪ್ಲಾಸ್ಟಿಕ್ ಮಾತ್ರ.

ನನ್ನದರಲ್ಲಿ ಕೆಟ್ಟದ್ದು ಗೂಡು, ನಿಜ. ಆದರೆ ಅಡಿಯಲ್ಲಿ ಗೋಜಲು ಕಂಡರೆ ತಪ್ಪು ಹೆಚ್ಚಾಗಿ ಮೇಲಿನ ದಾರದ್ದು, ಬಾಬಿನ್ನಿನದಲ್ಲ. ದಾರ ಪೋಣಿಸುವಾಗ ಬಟ್ಟೆ ಒತ್ತುವ ಪಾದವನ್ನು ಎತ್ತಿರುತ್ತೀರಾ? ಪಾದ ಕೆಳಗಿದ್ದರೆ ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳು ಬಿಗಿದುಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಮೊದಲು ಇದನ್ನು ನೋಡಿ, ದುಡ್ಡು ಖರ್ಚಿಲ್ಲ. ಬಾಬಿನ್ ಕೊಳ್ಳಲು ಹೋಗುವಾಗ ಮಷಿನ್ ಜೊತೆ ಬಂದದ್ದನ್ನೇ ಕೈಯಲ್ಲಿ ಹಿಡಿದು ಹೋಗಿ, ಪಕ್ಕದಲ್ಲಿಟ್ಟು ಎತ್ತರ ನೋಡಿ. ಮನೆ ಮಷಿನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 15 ಕ್ಲಾಸ್ ಬಾಬಿನ್ ಸುಮಾರು 20 ಮಿ.ಮೀ. ಅಗಲ, 11.5 ಮಿ.ಮೀ. ಆಸುಪಾಸಿನ ಎತ್ತರ. 'ಎಲ್' ಎನ್ನುವ ಇನ್ನೊಂದು ಬಗೆಯ ಬಾಬಿನ್ನಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಎತ್ತರ ಮಾತ್ರ 9 ಮಿ.ಮೀ. ಆಸುಪಾಸು. ಮೇಲಿನಿಂದ ನೋಡಿ ಗುರುತಿಸುತ್ತೇನೆ ಎಂದರೆ ಆಗುವುದಿಲ್ಲ.

ಮಷಿನ್‌ಗೆ ತೆಂಗಿನೆಣ್ಣೆ ಬಿಡುವ ನಮ್ಮ ಕಡೆಯ ಚಾಳಿ ನಿಮಗೂ ಇದ್ದರೆ ಇವತ್ತೇ ನಿಲ್ಲಿಸಿ. ಚಳಿಗೆ ಶೀಶೆಯಲ್ಲೇ ಹೆಪ್ಪುಗಟ್ಟುವ ಎಣ್ಣೆ, ನೂಲಿನ ಧೂಳು ಸೇರಿಸಿಕೊಂಡು ಕೊಕ್ಕೆಯ ದಾರಿಯಲ್ಲಿ ಮೇಣವಾಗಿ ಕೂರುತ್ತದೆ. ಮಷಿನ್ ಎಣ್ಣೆಯನ್ನೇ ಹಾಕಿ, ಅದೂ ಕೈಪಿಡಿ ಹೇಳಿದ ಕಡೆ ಮಾತ್ರ.

ಕಾಲುಮಷಿನ್ ಕೊಳ್ಳಲು ನಾನು ಒಪ್ಪುವ ಕಾರಣ ಒಂದೇ: ಜಡಿಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೂ ಅದು ಹೊಲಿಯುತ್ತದೆ. ನಿಮ್ಮ ಅಮ್ಮನದು ಮನೆಯಲ್ಲಿದ್ದರೆ ಅದನ್ನೂ ಇಟ್ಟುಕೊಳ್ಳಿ. ಅದರ ಬಾಬಿನ್‌ಗಳ ಡಬ್ಬಿಯನ್ನು ಮಾತ್ರ ಬೇರೆ ಕಪಾಟಿನಲ್ಲಿಡಿ.

ನೀವು ಈಗ ಹಾಕುತ್ತಿರುವ ಬಾಬಿನ್ ಮಷಿನ್ ಜೊತೆ ಬಂದದ್ದೋ, ಆಮೇಲೆ ತಂದದ್ದೋ? ಪ್ರಶ್ನೆಯಲ್ಲಿ ಅದನ್ನು ಬರೆದಿಲ್ಲ.